ಗೂಟದ ಕೊಳಗ

ಗುರುಬಸವ್ವನ ಸೊಂಟದಲ್ಲಿ ಐದು ಕೀಲಿಕೈಗಳ ಗೊಂಚಲು ಇತ್ತು. ಅದರಲ್ಲಿ ಎರಡಕ್ಕೆ ಬೀಗವೇ ಇರಲಿಲ್ಲ. ಒಂದು ಗಂಡ ಉಳವಪ್ಪನ ಕಾಲದ ಪೆಟ್ಟಿಗೆಯದು. ಪೆಟ್ಟಿಗೆಗೆ ಗೆದ್ದಲು ಹತ್ತಿ ಒಲೆ ಸೇರಿ ಎರಡು ವರ್ಷವಾಗಿತ್ತು. ಇನ್ನೊಂದು ಯಾವುದರದೆಂದು ಅವಳಿಗೂ ತಿಳಿಯದು. ಆದರೂ ಒಂದನ್ನೂ ಬಿಚ್ಚಿ ಎಸೆದವಳಲ್ಲ. ನಡೆದರೆ ಸದ್ದಾಗಬೇಕು, ಸದ್ದಾದರೆ ಸೊಸೆಯಂದಿರು ಎಚ್ಚರವಾಗಿರಬೇಕು, ಇಷ್ಟೇ ಅವಳ ಲೆಕ್ಕ.

ಹಳಿಯಾಳದಿಂದ ಮೂರು ಮೈಲಿ ಆಚೆಗಿನ ಆ ಊರಲ್ಲಿ ಅವಳದು ಉಂಡುಟ್ಟು ಸುಖವಾಗಿದ್ದ ಮನೆ. ಎಂಟು ಎಕರೆ ಭತ್ತದ ಗದ್ದೆ, ಎರಡು ಜೋಡಿ ಎತ್ತು. ದೊಡ್ಡ ಮಗ ಸೋಮಪ್ಪ ಗದ್ದೆ ನೋಡಿಕೊಳ್ಳುತ್ತಿದ್ದ. ಅವನ ಹೆಂಡತಿ ಕಾಶೆವ್ವ ಗುರುಬಸವ್ವನ ತಮ್ಮನ ಮಗಳೇ, ಆದ್ದರಿಂದ ಅವಳ ಮೇಲೆ ಅರ್ಧ ನಂಬಿಕೆ. ಸಣ್ಣ ಮಗ ಪರಸಪ್ಪ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಸೇರಿದ್ದ, ರವಿವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಜೊತೆಗೆ ದುಡಿಯುವ ದ್ಯಾಮಪ್ಪನ ಮಗಳು ಸುಶೀಲವ್ವನನ್ನು ಹೋದ ಬೇಸಿಗೆಯಲ್ಲಿ ಮದುವೆಯಾಗಿದ್ದ. ಕಾರ್ಖಾನೆಯವರ ವಸತಿ ಬಂಗೂರನಗರದಲ್ಲಿ ಇರಲಿಕ್ಕೆ ಮನೆ ಸಿಕ್ಕುವವರೆಗೆ ಹೆಂಡತಿ ಹಳ್ಳಿಯಲ್ಲಿರಲಿ ಎಂದು ಬಿಟ್ಟಿದ್ದ.

ಈ ಸಣ್ಣ ಸೊಸೆಯ ಮೇಲೆ ಗುರುಬಸವ್ವನಿಗೆ ಅರ್ಧವೂ ಇಲ್ಲ, ಕಾಲೂ ಇಲ್ಲ. ಹೊಲಮನೆ ಇಲ್ಲದವರ ಮಗಳು. ರೇಷನ್ ಅಕ್ಕಿಗೆ ಚೀಲ ಹಿಡಿದು ಸಾಲಿನಲ್ಲಿ ನಿಂತು ಬೆಳೆದವಳು. ಅಂಥವಳಿಗೆ ಆಳೆತ್ತರದ ಕಣಜ ಕಂಡರೆ ಕೈ ಸುಮ್ಮನಿದ್ದೀತೇ? ಮೇಲಾಗಿ ಏಳನೆಯ ಇಯತ್ತೆ ಓದಿದ್ದಾಳೆ. ಓದಿದವರು ಕದ್ದರೆ ಗೊತ್ತಾಗುವುದೂ ಇಲ್ಲ.

ಆ ವರ್ಷ ಪುಷ್ಯ ಮಾಸದಲ್ಲಿ, ಸರಿಯಾಗಿ ರಾಶಿ ಮಾಡುವ ಹೊತ್ತಿಗೆ, ಮುಂಡಗೋಡದಲ್ಲಿ ಮಗಳ ಹೆರಿಗೆ ಬಂತು. ಗುರುಬಸವ್ವ ಹೋಗಲೇಬೇಕಾಯಿತು. ಹೋಗುವ ಮುಂಚೆ ಹಿತ್ತಾಳೆ ಹಂಡೆ, ತಾಮ್ರದ ಕೊಡ, ತುಪ್ಪದ ಗಡಿಗೆ ಎಲ್ಲವನ್ನೂ ಒಳಕೋಣೆಗೆ ಸೇರಿಸಿ ಕೀಲಿ ಜಡಿದು, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಾಕೆ ಎಂದು ಸೋಮಪ್ಪ ಕೇಳಿದ.

"ಹೊಸಾಕಿ ಮನ್ಯಾಗ ಅದಾಳ. ಇರಲಿ."

ಹನ್ನೆರಡು ದಿನ ಬಿಟ್ಟು ಬಂದಾಗ ರಾಶಿ ಮುಗಿದಿತ್ತು. ಊಟಕ್ಕೆ, ಬೀಜಕ್ಕೆ ಬೇರೆ ತೆಗೆದಿಟ್ಟು ಮಾರುವ ಭತ್ತವನ್ನು ದೊಡ್ಡ ಕಣಜಕ್ಕೆ ಸುರಿದಿದ್ದರು. ಮದುವೆಯಾಗಿ ಈ ಮನೆಗೆ ಬಂದಮೇಲೆ ಅವಳು ಕಣದಲ್ಲಿ ಇಲ್ಲದ ಮೊದಲ ರಾಶಿ ಅದು.

"ಎಷ್ಟಾತು?" ಕಾಲು ತೊಳೆಯುವ ಮುಂಚೆಯೇ ಕೇಳಿದಳು.

"ನೂರಾ ಅರವತ್ತು ಕೊಳಗ," ಸೋಮಪ್ಪ ಎದೆಯುಬ್ಬಿಸಿ ಹೇಳಿದ. "ನಾಲ್ಕು ಕೊಳಗಕ್ಕ ಒಂದ ಚೀಲ ಅಂದ್ರ ನಲವತ್ತು ಚೀಲ. ಅಪ್ಪನ ಕಾಲದಾಗೂ ಇಷ್ಟು ಆಗಿದ್ದಿಲ್ಲ."

ಕಾಶೆವ್ವ ಸುಮ್ಮನಿರದೆ ಇನ್ನೊಂದು ಸುದ್ದಿ ಸೇರಿಸಿದಳು. "ಅಳಿಯೂವಾಗ ಈಕಿ ಏನ್ ಮಾಡಿದಳು ಗೊತ್ತೇನ್ರಿ ಅತ್ತಿ? ಮೊದಲನೇ ಕೊಳಗ ಹಾಕಿದ ಕೂಡಲೆ 'ಒಂದು' ಅಂದಬಿಟ್ಟಳು. ನಾ ಆಕಿ ಬಾಯಿ ಮುಚ್ಚಿದೆ. 'ಲಾಭ ಅನ್ನಬೇಕವಾ, ಲಾಭ, ಎರಡು, ಮೂರು ಅಂತ ಎಣಿಸಬೇಕು' ಅಂತ ಹೇಳಿಕೊಟ್ಟೆ."

ಸುಶೀಲವ್ವ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. "ನನಗ ಗೊತ್ತಿದ್ದಿಲ್ರಿ ಅತ್ತಿ. ನಮ್ಮ ಮನ್ಯಾಗ ಅಳಿಯೂವಂಥಾದ್ದು ಏನೂ ಇರತಿದ್ದಿಲ್ಲ," ಎಂದು ನಕ್ಕಳು.

ಗುರುಬಸವ್ವನಿಗೆ ನಗು ಬರಲಿಲ್ಲ. ರಾಶಿಯ ಮುಂದೆ ನಿಂತು 'ಒಂದು' ಎಂದವಳ ಬಾಯಿಯನ್ನು ಅವಳು ಅವತ್ತೇ ಮನಸ್ಸಿನಲ್ಲಿ ಗುರುತು ಹಾಕಿಟ್ಟಳು. ಆಮೇಲೆ ಕಣಜದ ಬಾಯಿಗೆ ತಾನೇ ಸಗಣಿ ಮೆತ್ತಿ, ಅದು ಆರಿದಮೇಲೆ ಬೂದಿಯಲ್ಲಿ ಮೂರು ಗೆರೆ ಎಳೆದು, ಗೆರೆಯ ಕೊನೆಗೆ ತನ್ನ ಹೆಬ್ಬೆಟ್ಟು ಒತ್ತಿದಳು. ಇನ್ನು ಯಾರು ಮುಟ್ಟಿದರೂ ತಿಳಿಯಬೇಕು.

ಅದೇ ವಾರ ಸೋಮಪ್ಪ ಹಳಿಯಾಳದ ಸಂತೆಯಿಂದ ಹೊಸ ಸುದ್ದಿ ತಂದ. ಊಟಕ್ಕೆ ಕೂತು ರೊಟ್ಟಿ ಮುರಿಯುತ್ತ ಹೇಳಿದ.

"ಸೊಸಾಯಿಟಿ ಗೋದಾಮಿಗೆ ಭತ್ತ ಹಾಕಿದವರಿಗೆ ಸರಕಾರದವರು ರೇಟಿನ ಮ್ಯಾಲ ಕ್ವಿಂಟಲಿಗೆ ಎಂಟು ರೂಪಾಯಿ ಹೆಚ್ಚಿಗಿ ಕೊಡ್ತಾರಂತ. ಸಬ್ಸಿಡಿ ಅಂತಾರ ಅದಕ್ಕ."

"ಸರಕಾರ ಪುಕ್ಕಟ ಕೊಡತೈತೇನ? ಏನೋ ಮಸಲತ್ತು ಇರಬೇಕು," ಗುರುಬಸವ್ವ ಅಂದಳು.

"ಮಸಲತ್ತು ಏನಿಲ್ಲ. ಎಷ್ಟು ಹಾಕ್ತೇವಿ ಅಂತ ಮೊದಲ ಬರಸಬೇಕು. ಬರಿಸಿದಷ್ಟೂ ಹೋಳಿ ಹುಣ್ಣಿಮಿ ಒಳಗ ಹಾಕಬೇಕು. ಕಡಿಮಿ ಬಿತ್ತಂದ್ರ ಮ್ಯಾಲಿನ ರೊಕ್ಕ ಒಂದು ಪೈಸಾನೂ ಇಲ್ಲ."

"ಯಾಕಂತ?"

"ಉಳಿದದ್ದನ್ನ ಗೋವಾಕ್ಕ ದಾಟಸ್ತಾರ ಅಂತ ಅವರಿಗೆ ಸಂಶೆ. ನಾ ಮೂವತ್ತು ಕ್ವಿಂಟಲು ಬರಿಸಿ ಬಂದೇನಿ. ಎರಡುನೂರಾ ನಲವತ್ತು ರೂಪಾಯಿ ಆತು. ಮಳಿಗಾಲದ ಒಳಗ ಮನಿಗೆ ಮಂಗಳೂರ ಹೆಂಚು ಹಾಕಸೂಣು."

ಮನೆಯವರ ಕಣ್ಣೆಲ್ಲ ಒಮ್ಮೆಲೆ ಮೇಲಕ್ಕೆ ಹೋಯಿತು. ನಾಡಹೆಂಚಿನ ಸೂರು ಎರಡು ಕಡೆ ಬೀಳುವ ಹಾಗಿತ್ತು. ಗುರುಬಸವ್ವನೂ ಮೊದಲ ಸಲ ಸರಕಾರದ ಬಗ್ಗೆ ಒಂದು ಒಳ್ಳೆಯ ಮಾತು ಮನಸ್ಸಿನಲ್ಲಿ ಅಂದುಕೊಂಡಳು.

ಮಾಘದ ಭಾರತ ಹುಣ್ಣಿಮೆಯಾದ ಮರುದಿನ ಕಣಜ ಒಡೆದರು. ಗಾಡಿಯವ ಅಮೀರಸಾಬ ಬಾಗಿಲಿಗೆ ಎತ್ತು ತಂದು ನಿಲ್ಲಿಸಿದ್ದ. ಹೊರಲಿಕ್ಕೆ, ಚೀಲದ ಬಾಯಿ ಹಿಡಿಯಲಿಕ್ಕೆ ಹೊಳೆವ್ವ ಬಂದಿದ್ದಳು. ಇಪ್ಪತ್ತೆರಡು ವರ್ಷದಿಂದ ಆ ಮನೆಯ ಗದ್ದೆ, ಸಗಣಿ, ದನ ಎಲ್ಲವನ್ನೂ ಮಾಡಿಕೊಂಡು ಬಂದ ಕೂಲಿಯ ಹೆಂಗಸು ಅವಳು. ಗುರುಬಸವ್ವ ಸಗಣಿಯ ಮೇಲಿನ ಮೂರು ಗೆರೆ ನೋಡಿದಳು, ಹೆಬ್ಬೆಟ್ಟು ನೋಡಿದಳು. ಇದ್ದ ಹಾಗೇ ಇತ್ತು.

ಚೀಲ ತುಂಬಿ ಹೊಲಿದು ಹೊಲಿದು ಹೊರಗಿಟ್ಟರು. ಮೂವತ್ತೈದಾಯಿತು. ಸೋಮಪ್ಪ ಇನ್ನೊಂದು ಖಾಲಿ ಚೀಲ ಹಿಡಿದು ಕಣಜದೊಳಗೆ ಬಗ್ಗಿದ. ಒಳಗಿಂದ ಅವನ ಬರಿಗೈ ಬಿದಿರಿಗೆ ತಾಗಿದ ಸದ್ದು ಬಂತು.

"ಯವ್ವಾ, ಇದರಾಗ ಏನೂ ಇಲ್ಲ."

"ಸರಿಯಾಗಿ ನೋಡೋ."

"ನೋಡೂದೇನ ಬಂತು! ನಲವತ್ತು ಚೀಲ ಹಾಕಿದ್ದು, ಮೂವತ್ತೈದು ಬಂದೈತಿ. ಐದು ಚೀಲ ಎಲ್ಲಿ ಹೋದುವು?"

ಗುರುಬಸವ್ವ ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡುತ್ತ ಬಂದು ಸುಶೀಲವ್ವನ ಮುಖಕ್ಕೆ ಬಂದು ನಿಂತಳು. ಬೂದಿಯ ಗೆರೆ ಇದ್ದ ಹಾಗೇ ಇತ್ತಲ್ಲ ಎಂದು ಒಂದು ಕ್ಷಣ ಅನುಮಾನ ಬಂತು. ಆಮೇಲೆ, ದಿನಾ ಬೆಳಗಾದರೆ ಬಾಗಿಲಿಗೆ ಅಷ್ಟು ಚೆಂದ ರಂಗೋಲಿ ಬಿಡುವವಳಿಗೆ ಮೂರು ಗೆರೆ ತಿರುಗಿ ಎಳೆಯುವುದು ಯಾವ ದೊಡ್ಡ ಕೆಲಸ ಎನಿಸಿತು. ಹೆಬ್ಬೆಟ್ಟಿನ ಗುರುತು ಹೇಗೆ ಬಂತು ಎಂದು ಕೇಳಿಕೊಳ್ಳುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಸಂಶಯ ಒಮ್ಮೆ ಕೂತಮೇಲೆ ಅದಕ್ಕೆ ಬೇಕಾದದ್ದನ್ನಷ್ಟೇ ತಿನ್ನುತ್ತದೆ.

ಗೋದಾಮಿನಲ್ಲಿ ತೂಕದ ಕಾಟಾದ ಮೇಲೆ ಇಪ್ಪತ್ತಾರು ಕ್ವಿಂಟಲು, ಇಪ್ಪತ್ತೈದು ಕಿಲೋ ತೂಗಿತು. ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, "ಸೋಮಪ್ಪ, ಉಳಿದದ್ದು ಅಣಶಿ ಘಟ್ಟ ಇಳದು ಗೋವಾಕ್ಕ ಹೋತೇನ?" ಎಂದು ನಾಲ್ಕು ಜನರ ಮುಂದೆ ಕೇಳಿದನಂತೆ. ಹೋಳಿಯೊಳಗೆ ಬಾಕಿ ತಂದು ಹಾಕಿದರೆ ಸರಿ, ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತೇನೆ ಎಂದನಂತೆ. ಸೋಮಪ್ಪ ಮನೆಗೆ ಬಂದು ತಲೆಯ ಪಟಕಾ ತೆಗೆದು ಗೋಡೆಗೆ ಎಸೆದ.

"ಊಟದ ಭತ್ತದಾಗ ಐದು ಚೀಲ ಹಾಕಿಬಿಡ್ರಿ," ಕಾಶೆವ್ವ ಹೇಳಿದಳು.

"ಹಾಕಿ? ಮಳಿಗಾಲದಾಗ ಹೆಂಚು ತಿನ್ನೂಣೇನ?"

ಅವತ್ತಿನಿಂದ ಆ ಮನೆಯಲ್ಲಿ ಅನ್ನದ ಲೆಕ್ಕ ಶುರುವಾಯಿತು. ಗುರುಬಸವ್ವ ಅಕ್ಕಿಯ ಗಡಿಗೆಯನ್ನೂ ಒಳಕೋಣೆಗೆ ಸೇರಿಸಿದಳು. ಹೊತ್ತು ಹೊತ್ತಿಗೆ ತಾನೇ ಕೀಲಿ ತೆಗೆದು, ತಲೆಗೊಂದು ಹಿಡಿಯಂತೆ ಅಳೆದು ಕೊಡುವಳು. ಕಾಶೆವ್ವ ಒಲೆಯ ಮುಂದೆ ಕೂತರೆ ಇವಳು ಬಾಗಿಲಲ್ಲಿ ಕೂರುವಳು. ಸುಶೀಲವ್ವ ಹಿತ್ತಿಲಿಗೆ ಹೋದರೆ ಹಿಂದೆಯೇ ಕೀಲಿಗೊಂಚಲಿನ ಸದ್ದು.

ಒಂದು ದಿನ ಸುಶೀಲವ್ವ ನೀರಿಗೆ ಹೋದಾಗ ಗುರುಬಸವ್ವ ಅವಳ ಟ್ರಂಕು ತೆಗೆದಳು. ಎರಡು ಸೀರೆ, ಒಂದು ಕನ್ನಡಿ, ಗಂಡ ಬರೆದ ಕಾರ್ಡುಗಳು. ತಳದಲ್ಲಿ ಬಟ್ಟೆಯ ಗಂಟು. ಬಿಚ್ಚಿದರೆ ಎರಡು ಸೇರಿನಷ್ಟು ನುಚ್ಚು. ಗುರುಬಸವ್ವನಿಗೆ ಖುಷಿಯಾಯಿತು. ಹೌದು, ಖುಷಿಯೇ ಆಯಿತು. ಹುಡುಕಿದ್ದು ಸಿಕ್ಕಿದರೆ ಯಾರಿಗಾದರೂ ಆಗುತ್ತದೆ. ಗಂಟನ್ನು ಪಡಸಾಲೆಯ ನಡುವೆ ಇಟ್ಟುಕೊಂಡು ಕಾಯುತ್ತ ಕೂತಳು.

ಕೊಡ ಇಳಿಸಿದ ಸುಶೀಲವ್ವ ಅದನ್ನು ನೋಡಿದಳು.

"ಏನಿದು?"

"ನುಚ್ಚರಿ ಅತ್ತಿ."

"ನುಚ್ಚಂತ ನನಗೂ ಕಾಣತೈತಿ. ಟ್ರಂಕಿನ್ಯಾಗ ಯಾಕ ಬಂತು?"

"ಅಕ್ಕಿ ಹಸನ ಮಾಡೂವಾಗ ಕೆಳಗ ಬಿದ್ದದ್ದು. ಕೋಳಿಗೆ ಹಾಕತಿದ್ರಿ. ನಾ ಕೂಡಿಸಿ ಇಟ್ಟೇನಿ. ನಮ್ಮವ್ವಗ ಮೈ ಸರಿ ಇಲ್ಲ, ಗಂಜಿ ಮಾಡಾಕ ಆಗತೈತಿ ಅಂತ."

"ಹೋದ ತಿಂಗಳ ಅಮೀರಸಾಬನ ಕಡೆ ಒಂದು ಗಂಟು ಕೊಟ್ಟಿದ್ದಿ, ನಾ ನೋಡೇನಿ," ಒಳಗಿನಿಂದ ಕಾಶೆವ್ವ ಅಂದಳು.

"ಅದೂ ನುಚ್ಚನ ಅಕ್ಕಾ."

"ಗಾಡ್ಯಾಗ ಗಂಟು ಹೋಗೂದಾದ್ರ ಚೀಲ ಹೋಗೂದಿಲ್ಲೇನ?" ಗುರುಬಸವ್ವ ಕೇಳಿದಳು. "ಕೇಳದ ಒಯ್ದಾಕಿ ಎರಡು ಸೇರು ಒಯ್ದರೇನು, ಐದು ಚೀಲ ಒಯ್ದರೇನು?"

ಸುಶೀಲವ್ವನ ಮುಖ ಕೆಂಪಾಯಿತು. ಅಳುತ್ತಾಳೆ ಎಂದುಕೊಂಡಿದ್ದರು, ಅಳಲಿಲ್ಲ. ನುಚ್ಚಿನ ಗಂಟನ್ನು ಎತ್ತಿ ಹಿತ್ತಿಲಿಗೆ ಹೋಗಿ ಕೋಳಿಗಳ ಮುಂದೆ ಅಷ್ಟನ್ನೂ ಸುರಿದಳು. "ಕೇಳದ ತಗೊಂಡದ್ದು ತಪ್ಪಾತ್ರಿ. ಚೀಲದ ಮಾತು ಮಾತ್ರ ನಾ ಒಪ್ಪೂದಿಲ್ಲ," ಎಂದಳು. ಅವತ್ತು ರಾತ್ರಿಯಿಂದ ಅನ್ನ ಮುಟ್ಟಲಿಲ್ಲ. ಒಂದು ರೊಟ್ಟಿ, ಒಂದಿಷ್ಟು ಚಟ್ನಿ ಹಚ್ಚಿಕೊಂಡು ಗೋಡೆಗೆ ಮುಖ ಮಾಡಿ ತಿಂದು ಏಳುವಳು. ಕಾಶೆವ್ವ ತಾಟಿಗೆ ಅನ್ನ ಬಡಿಸಲು ಹೋದರೆ ಕೈ ಅಡ್ಡ ಹಿಡಿಯುವಳು.

"ನನ್ನ ಹಿಡಿ ಅಕ್ಕಿ ಉಳೀತಲ್ಲ, ಅದನ್ನೂ ಐದು ಚೀಲಕ್ಕ ಜಮಾ ಮಾಡ್ರಿ."

ಸೋಮಪ್ಪನಿಗೆ ಇದು ಸೊಕ್ಕಾಗಿ ಕಂಡಿತು. ಶಿವರಾತ್ರಿಯಾದ ಮೇಲಿನ ರವಿವಾರ ದ್ಯಾಮಪ್ಪನನ್ನು ಕರೆದುಕೊಂಡು ಬಾ ಎಂದು ತಮ್ಮನಿಗೆ ಹೇಳಿ ಕಳಿಸಿದ. ಭತ್ತ ಎಲ್ಲಿ ಹೋಯಿತೆಂದು ಅಪ್ಪನ ಮುಂದೆ ಬಾಯಿ ಬಿಡಬೇಕು, ಇಲ್ಲವೆ ಅಪ್ಪನ ಸಂಗಡ ಟ್ರಂಕು ತಗೊಂಡು ಹೋಗಬೇಕು. ಗುರುಬಸವ್ವ "ಹಂಗ ಆಗಲಿ" ಎಂದಳು. ಹೀಗೆ ಹೋದವರು ಮರಳಿ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಶಿವರಾತ್ರಿಯ ಮರುದಿನ, ವಾಡಿಕೆಯಂತೆ ಹೊಳೆವ್ವ ವರ್ಷದ ಕಾಳಿಗೆ ಬುಟ್ಟಿ ತಂದಳು. ಕೂಲಿಯಲ್ಲದೆ ವರ್ಷಕ್ಕೆ ಹದಿನಾರು ಕೊಳಗ ಭತ್ತ ಅವಳಿಗೆ ಕೊಡುವ ಕರಾರು. ಅದನ್ನು ಗುರುಬಸವ್ವ ತನ್ನ ಕೈಯಾರೆ ಅಳೆಯುವಳು, ಬೇರೆಯವರಿಗೆ ಬಿಡುತ್ತಿರಲಿಲ್ಲ. ನಡುಮನೆಯ ಗೂಟಕ್ಕೆ ತೂಗುಹಾಕಿದ್ದ ಮರದ ಕೊಳಗವನ್ನು ಇಳಿಸಿದಳು. ರಾಶಿಯಿಂದೀಚೆಗೆ ಅದನ್ನು ಮುಟ್ಟಿರಲಿಲ್ಲ. ಕೊಯ್ಲಿನ ಕೂಲಿಯನ್ನು ಗದ್ದೆಯಲ್ಲೇ ಸಿವುಡಿನ, ಅಂದರೆ ತೆನೆಕಟ್ಟಿನ, ಲೆಕ್ಕದಲ್ಲಿ ಕೊಟ್ಟಾಗಿತ್ತು.

ಬೆಳಕಿಗೆ ಹಿಡಿದವಳು ನಿಂತೇಬಿಟ್ಟಳು. ಕೊಳಗದ ಹಿತ್ತಾಳೆ ಪಟ್ಟಿಯ ಮೇಲೆ ಒಣಗಿದ ವಿಭೂತಿ. ಮೂರು ಬೆರಳಿನ ಗೆರೆ. ಅದರ ನಡುವೆ ಕುಂಕುಮ. ಕಟ್ಟಿನ ಸಂದಿನಲ್ಲಿ ಚೆಂಡುಹೂವಿನ ಒಂದು ಎಸಳು. ಇದು ರಾಶಿಯ ಪೂಜೆ. ಕಣದಲ್ಲಿ ಅಳೆಯುವ ಕೊಳಗಕ್ಕಷ್ಟೇ ಈ ಪೂಜೆ.

"ಕಾಶಿ, ಇತ್ತ ಬಾ. ಇದಕ್ಕ ಯಾಕ ಪೂಜಿ ಮಾಡೀರಿ?"

"ಮತ್ತ ಅಳದದ್ದು ಅದರಾಗಲ್ಲೇನ್ರಿ," ಕಾಶೆವ್ವ ಬಂದು ಹೇಳಿದಳು. "ರಾಶಿ ಕೊಳಗ ಒಳಕೋಣ್ಯಾಗ ಇತ್ತು. ನೀವು ಕೀಲಿ ಹಾಕ್ಕೊಂಡು ಹೋಗಿದ್ರಿ. ನಮ್ಮವರು ಕೇಳಿದ್ರು, ಗೂಟದ್ದ ಐತೆಲ್ಲ ಅಂತ ನಾನ ಇಳಿಸಿ ಕೊಟ್ಟೆ. ಯಾಕ್ರಿ?"

ಗುರುಬಸವ್ವನ ಕೈಯಲ್ಲಿದ್ದ ಕೊಳಗ ಭಾರವಾಯಿತು. ಅದು ಭಾರವಿದ್ದದ್ದೇ, ಅದರ ತಳದಲ್ಲಿ ಒಂದು ಹಲಗೆ ಹೆಚ್ಚಿತ್ತು. ಉಳವಪ್ಪ ಬಡಿಗನನ್ನು ಮುಂಡಗೋಡದಿಂದ ಕರೆಸಿ, ಹೊರಗಿನಿಂದ ಒಂದೇ ಅಳತೆ, ಒಳಗಿನಿಂದ ಎಂಟರಲ್ಲೊಂದು ಪಾಲು ಕಡಿಮೆ ಬರುವಂತೆ ಮಾಡಿಸಿದ್ದ. ತರುವುದಕ್ಕೆ ರಾಶಿ ಕೊಳಗ, ಕೊಡುವುದಕ್ಕೆ ಗೂಟದ ಕೊಳಗ. "ಮಕ್ಕಳ ಮುಂದೂ ಬಾಯಿ ಬಿಡಬ್ಯಾಡ" ಎಂದಿದ್ದ. ಅವಳು ಬಿಟ್ಟಿರಲಿಲ್ಲ. ಅವನು ಸತ್ತು ಮೂರು ವರ್ಷವಾದಮೇಲೂ ಅದರಲ್ಲೇ ಅಳೆದುಕೊಂಡು ಬಂದಿದ್ದಳು. ಎಷ್ಟು ರೂಢಿಯಾಗಿತ್ತೆಂದರೆ, ಅದೊಂದು ಮೋಸವೆಂಬುದೇ ಅವಳಿಗೆ ಮರೆತುಹೋಗಿತ್ತು.

ಸುಶೀಲವ್ವನಿಗೆ ಹೆದರಿ ತಾನು ಹಾಕಿದ ಕೀಲಿ. ಆ ಕೀಲಿಯಿಂದಾಗಿ ಕಣಕ್ಕೆ ಹೋದ ಸಣ್ಣ ಕೊಳಗ. ನೂರಾ ಅರವತ್ತು ಅಳೆದದ್ದು ನಿಜವಾಗಿ ನೂರಾ ನಲವತ್ತು. ಐದು ಚೀಲ ಹೋಗಿರಲಿಲ್ಲ. ಮೊದಲಿನಿಂದಲೂ ಇರಲೇ ಇಲ್ಲ.

"ಎವ್ವಾ, ಅಳೀತೀರೇನು?" ಅಂಗಳದಿಂದ ಹೊಳೆವ್ವ ಕೂಗಿದಳು.

"ಇವತ್ತ ಮೈಯಾಗ ಆರಾಮಿಲ್ಲ. ರವಿವಾರ ಬಾ," ಎಂದು ಗುರುಬಸವ್ವ ಕೊಳಗವನ್ನು ತಿರುಗಿ ಗೂಟಕ್ಕೆ ಹಾಕಿದಳು.

ಎರಡು ದಿನ ಅವಳು ಸುಮ್ಮನೆ ಕೂರಲಿಲ್ಲ. ಬೇರೆ ದಾರಿ ಹುಡುಕಿದಳು. ಭತ್ತ ಒಣಗಿ ಕುಗ್ಗಿರಬೇಕು ಎಂದು ಸೋಮಪ್ಪನಿಗೆ ಹೇಳಿ ನೋಡಿದಳು, ಇಲಿ ತಿಂದಿರಬೇಕು ಎಂದಳು.

"ಐದು ಚೀಲ ತಿಂದ ಇಲಿ ಎಮ್ಮಿ ಆಗಿರತಿತ್ತಲ್ಲ, ಕಾಣಸತಿತ್ತು," ಎಂದ ಅವನು.

"ನನ್ನ ಬಂಗಾರದ ಪುತಳಿ ಸರ ಒಯ್ದು ಅಡ ಇಡು. ಎಲ್ಲ್ಯಾರ ಐದು ಚೀಲ ತಂದು ಗೋದಾಮಿಗೆ ಹಾಕು. ಮಾತು ಮುಗೀತು."

ಸೋಮಪ್ಪ ತಾಯಿಯ ಮುಖವನ್ನೇ ದಿಟ್ಟಿಸಿದ. "ಎಂಟ ದಿನದ ಹಿಂದ ಆಕೀನ್ನ ಹಲ್ಲಾಗ ಹಾಕಿ ಅಗೀತಿದ್ದಿ. ಈಗ ಸರ ಬಿಚ್ಚಿ ಕೊಡ್ತಿ. ಯಾಕವ್ವಾ? ನಿನಗೇನರ ಗೊತ್ತೈತೇನ?"

ಮಗನ ಕಣ್ಣಲ್ಲಿ ತನ್ನದೇ ಕಣ್ಣು ಕಂಡಂತಾಗಿ ಗುರುಬಸವ್ವ ಬೆವೆತಳು. ಈ ಮಾತು ಸುಶೀಲವ್ವನ ಕಿವಿಗೂ ಬಿದ್ದಿತ್ತು. ಅವಳು ಮುಸುರೆ ಕೈಯಲ್ಲೇ ಬಂದು ನಿಂತಳು.

"ಸರ ಅಡ ಇಡಬ್ಯಾಡ್ರಿ ಅತ್ತಿ. ನೀವು ಚೀಲ ತಂದು ಹಾಕಿದ್ರ, ಸೊಸಿ ಕದ್ದಳು, ಅತ್ತಿ ಮುಚ್ಚಿದಳು ಅಂತಾರ. ಸಾಯೂತನಕ ಅದು ನನ್ನ ತಲಿ ಮ್ಯಾಲ. ಕದ್ದವರ ಹೆಸರು ಹೇಳ್ರಿ, ಇಲ್ಲಂದ್ರ ನನ್ನ ಕಳಿಸ್ರಿ."

ರವಿವಾರ ಬಂತು. ಪರಸಪ್ಪ ಮಾವ ದ್ಯಾಮಪ್ಪನನ್ನು ಕರೆದುಕೊಂಡು ಮುಂಜಾನೆಯ ಬಸ್ಸಿಗೆ ಇಳಿದ. ದ್ಯಾಮಪ್ಪ ಇದ್ದುದರಲ್ಲೇ ಬಿಳಿಯ ಅಂಗಿ ಹಾಕಿಕೊಂಡು ಬಂದಿದ್ದ. ಪಡಸಾಲೆಗೆ ಕರೆದರೂ ಮೇಲೆ ಕೂರದೆ ಕಟ್ಟೆಯ ಅಂಚಿಗೆ ಕೂತ. ಅಮೀರಸಾಬನನ್ನೂ ಕರೆಸಿದ್ದರು. ಹೊಳೆವ್ವ ಬುಟ್ಟಿ ಇಟ್ಟುಕೊಂಡು ಅಂಗಳದ ಮೂಲೆಯಲ್ಲಿ ಕೂತಿದ್ದಳು, ಅವಳನ್ನು ಯಾರೂ ಏಳು ಅನ್ನಲಿಲ್ಲ. ಕಾಶೆವ್ವ ಅವಲಕ್ಕಿ, ಚಹಾ ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

"ನನ್ನ ಗಾಡ್ಯಾಗ ನಿಮ್ಮ ಮನೀದು ಒಂದ ಚೀಲ ದಾಟಿದ್ರ ನನ್ನ ಎತ್ತು ಸಾಯಲಿ," ಅಮೀರಸಾಬನೇ ಮೊದಲು ಬಾಯಿ ತೆರೆದ. "ಗಂಟು ಒಯ್ದೇನಿ, ಸುಳ್ಳು ಹೇಳೂದಿಲ್ಲ. ನುಚ್ಚಿತ್ತು. ದಾಂಡೇಲಿಗೆ ಹೋಗಿ ಮುಟ್ಟಿಸಿದಾಗ ಈ ದ್ಯಾಮಪ್ಪನವರ ಹೇಂತಿ ಅಲ್ಲೇ ಒಲಿಗೆ ಇಟ್ಟಳು."

ದ್ಯಾಮಪ್ಪ ತಲೆ ಎತ್ತಲಿಲ್ಲ. "ಮಗಳು ತಪ್ಪು ಮಾಡಿದ್ರ ನಾ ದುಡದು ತೀರಸ್ತೇನ್ರಿ. ತಿಂಗಳಾ ಪಗಾರದಾಗ ಇಷ್ಟಿಷ್ಟು. ಮನಿ ಬಿಡಸಬ್ಯಾಡ್ರಿ."

"ಅಪ್ಪಾ, ನಾ ತಪ್ಪು ಮಾಡಿಲ್ಲ," ಸುಶೀಲವ್ವ ಒಳಬಾಗಿಲಿನಿಂದ ಅಂದಳು.

"ಹಂಗಾದ್ರ ಯಾರು ಮಾಡಿದ್ರು, ನಾನೇನು? ನನ್ನ ಹೇಂತೇನು?" ಸೋಮಪ್ಪ ಗದರಿದ. "ಪರಸ್ಯಾ, ನೀ ಕೇಳು ನಿನ್ನ ಹೇಂತೀನ್ನ."

ಪರಸಪ್ಪ ಒಳ್ಳೆಯವನೇ. ಆದರೆ ಅಣ್ಣನ ಮುಂದೆ ಗಟ್ಟಿ ಉಸಿರು ಬಿಟ್ಟವನಲ್ಲ. ಚಹಾದ ಬಟ್ಟಲು ನೋಡುತ್ತ, "ಸುಶೀಲಾ, ಇದ್ದದ್ದು ಹೇಳಿಬಿಡು. ಯಾರೂ ಏನೂ ಅನ್ನೂದಿಲ್ಲ," ಎಂದ.

ಇಷ್ಟು ದಿನ ತಡೆದಿದ್ದವಳ ಮುಖ ಆ ಮಾತಿಗೆ ಒಡೆಯಿತು. ಅತ್ತೆ ಅಂದದ್ದಕ್ಕೆ ಅತ್ತಿರಲಿಲ್ಲ, ಭಾವ ಅಂದದ್ದಕ್ಕೆ ಅತ್ತಿರಲಿಲ್ಲ. ಈಗ ಕಣ್ಣೀರು ಒರೆಸಿಕೊಳ್ಳದೆ ಒಳಗೆ ಹೋಗಿ ಟ್ರಂಕು ತಂದಳು. ಅದನ್ನು ಅತ್ತೆಯ ಮುಂದೆ ತೆರೆದಿಟ್ಟು, "ನೋಡಿಕೋರಿ, ನಿಮ್ಮದು ಒಂದು ಕಾಳೂ ಇಲ್ಲ," ಎಂದು ಮುಚ್ಚಿದಳು. "ಏಳಪ್ಪಾ, ಹೋಗೂಣು."

ಅವಳು ಹೊಸ್ತಿಲ ಹತ್ತಿರ ಬಂದಳು. ಗುರುಬಸವ್ವ ಅವಳ ಕಾಲನ್ನೇ ನೋಡುತ್ತಿದ್ದಳು. ಆ ಕಾಲು ದಾಟಿದರೆ ಗೂಟದ ಕೊಳಗದ ಮಾತು ತನ್ನ ಸಂಗಡವೇ ಮಣ್ಣಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಗಂಡನ ಹೆಸರು ಉಳಿಯುತ್ತದೆ. ಅಂಗಳದ ಮೂಲೆಯಲ್ಲಿ ಹೊಳೆವ್ವ ಬುಟ್ಟಿಯ ಕಿತ್ತುಹೋದ ಅಂಚನ್ನು ಹೆಣೆಯುತ್ತ ಕೂತಿದ್ದಾಳೆ. ಇವಳ ಮುಂದೆ ಹೇಗೆ ಹೇಳುವುದು? ಹೇಳದೆ ಸುಶೀಲವ್ವನನ್ನು ಹೇಗೆ ಕಳಿಸುವುದು? ಸುಶೀಲವ್ವನ ಒಂದು ಕಾಲು ಹೊಸ್ತಿಲ ಮೇಲೆ ಬಂತು.

"ನಿಲ್ಲವಾ," ಗುರುಬಸವ್ವ ಅಂದಳು. "ನೀ ಕದ್ದಿಲ್ಲ."

ಎದ್ದು ಒಳಕೋಣೆಯ ಕೀಲಿ ತೆಗೆದಳು. ಮೊದಲು ಬೇರೆ ಕೀಲಿಕೈ ಹಾಕಿದಳು. ರಾಶಿ ಕೊಳಗವನ್ನು ತಂದು ಅಂಗಳದಲ್ಲಿಟ್ಟಳು, ಪಕ್ಕದಲ್ಲಿ ಗೂಟದ್ದನ್ನು ಇಟ್ಟಳು. ಎರಡೂ ಅವಳಿಜವಳಿ.

"ಸೋಮಪ್ಪಾ, ಊಟದ ಭತ್ತ ಒಂದು ಚೀಲ ತಂದು ಇದರಾಗ ತುಂಬು. ಅಂಚಿಗೆ ಬರೂವಂಗ ತುಂಬು. ಹಾ, ಈಗ ಅದರಾಗ ಸುರು."

ಸೋಮಪ್ಪ ಗೂಟದ ಕೊಳಗ ತುಂಬಿ ರಾಶಿ ಕೊಳಗಕ್ಕೆ ಸುರಿದ. ಭತ್ತ ಅಂಚಿಗಿಂತ ಎರಡು ಬೆರಳು ಕೆಳಗೇ ನಿಂತಿತು. ಅವನು ಸಂಶಯದಿಂದ ತಿರುಗಿ ತುಂಬಿ ನೋಡಿದ. ಮತ್ತೂ ಎರಡು ಬೆರಳು.

"ಯವ್ವಾ, ಇದೇನಿದು?"

"ನಿಮ್ಮಪ್ಪ ಮಾಡಿಸಿದ್ದು. ತಳದಾಗ ಹಲಗಿ ಐತಿ. ಎಂಟರಾಗ ಒಂದು ಕಡಿಮಿ ಬರತೈತಿ. ನೀ ರಾಶಿ ಅಳದದ್ದು ಇದರಾಗ. ಐದು ಚೀಲ ಎಲ್ಲಿಗೂ ಹೋಗಿಲ್ಲೋ, ಮೊದಲ ಇದ್ದಿಲ್ಲ." ಅವಳ ಧ್ವನಿ ಸಣ್ಣಗಾಯಿತು. "ನನಗ ಶಿವರಾತ್ರಿ ಮರುದಿನಾನ ತಿಳೀತು."

ಅಮೀರಸಾಬ ಬಾಯಿಯ ಮೇಲೆ ಕೈ ಇಟ್ಟುಕೊಂಡ. ದ್ಯಾಮಪ್ಪ ಅಂಗಿಯ ತೋಳಿಗೆ ಕಣ್ಣೊರೆಸಿದ. ಸೋಮಪ್ಪನಿಗೆ ಇದೆಲ್ಲಕ್ಕಿಂತ ಗುಮಾಸ್ತನ ಕನ್ನಡಕವೇ ಕಣ್ಣಮುಂದೆ ಬಂತು. ಅಳತೆ ತಪ್ಪಿತೆಂದರೆ ಯಾಕೆ ತಪ್ಪಿತೆಂದು ಕೇಳುತ್ತಾನೆ; ಹೇಳಿದರೆ ಇಡೀ ತಾಲೂಕು ಕೇಳುತ್ತದೆ. ಎರಡುನೂರಾ ನಲವತ್ತು ರೂಪಾಯಿ ಹೋಯಿತು, ಹೆಂಚು ಹೋಯಿತು ಎಂದು ಅವನು ಮಣ್ಣಿನಲ್ಲಿ ಕುಸಿದು ಕೂತ.

ಅಷ್ಟರಲ್ಲಿ ಹೊಳೆವ್ವ ಎದ್ದು ಬಂದಿದ್ದಳು. ಕೊಳಗಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಗೂಟದ್ದರೊಳಗೆ ಕೈ ಇಳಿಸಿದಳು. ತಳ ಮುಟ್ಟಿ ಎಲ್ಲಿಗೆ ಬಂತೆಂದು ಮುಂಗೈ ಮೇಲೆ ಬೆರಳಿಟ್ಟು ಗುರುತು ಮಾಡಿಕೊಂಡಳು. ಆಮೇಲೆ ರಾಶಿ ಕೊಳಗದ ಭತ್ತವನ್ನು ಚೀಲಕ್ಕೆ ಸುರಿದು ಅದರಲ್ಲಿ ಕೈ ಇಳಿಸಿದಳು. ಬೆರಳಿಟ್ಟ ಜಾಗ ಒಳಗೆ ಮುಳುಗಿತು.

"ನಾ ಬಂದ ವರ್ಷದಿಂದ ಇದರಾಗ ಅಳದೀರೇನ್ರಿ ಎವ್ವಾ?"

ಗುರುಬಸವ್ವ ಹೌದೆಂದು ತಲೆಯಾಡಿಸಿದಳು.

ಹೊಳೆವ್ವ ಕೂಗಾಡಲಿಲ್ಲ. ಕೂಗಾಡಿದ್ದರೆ ಗುರುಬಸವ್ವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಟ್ರಂಕು ಹಿಡಿದು ಇನ್ನೂ ಹೊಸ್ತಿಲಲ್ಲೇ ನಿಂತಿದ್ದ ಸುಶೀಲವ್ವನ ಕಡೆ ತಿರುಗಿದಳು.

"ಸಣ್ಣಕ್ಕಾರ, ನೀವು ಓದೀರಿ. ವರ್ಷಕ್ಕ ಹದಿನಾರು ಕೊಳಗ. ಇಪ್ಪತ್ತೆರಡು ವರ್ಷ. ನಂದು ಎಷ್ಟಾತು ಹೇಳ್ರಿ."

ಸುಶೀಲವ್ವ ಟ್ರಂಕು ಕೆಳಗಿಟ್ಟಳು. ಬೆರಳ ಗೆಣ್ಣು ಎಣಿಸಿದಳು. ಹೇಳಲೋ ಬೇಡವೋ ಎಂಬಂತೆ ಅತ್ತೆಯನ್ನು ಒಮ್ಮೆ ನೋಡಿದಳು.

"ವರ್ಷಕ್ಕ ಎರಡು ಕೊಳಗ ಕಡಿಮಿ. ನಲವತ್ತನಾಲ್ಕು ಕೊಳಗಾತು." ಚೀಲಕ್ಕೆ ನಾಲ್ಕರಂತೆ ಬೆರಳು ಮಡಚಿ ಹೇಳಿದಳು, "ಹನ್ನೊಂದು ಚೀಲ."

"ಹನ್ನೊಂದು," ಹೊಳೆವ್ವ ಅಂದಳು. "ನಿಮ್ಮ ಐದು ಚೀಲಕ್ಕ ಇಷ್ಟು ಮಂದೀನ್ನ ಕೂಡಿಸೀರಿ."

ಗುರುಬಸವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ರಾಶಿ ಕೊಳಗವನ್ನು ಎತ್ತಿಕೊಂಡಳು. "ಹಿಂದಿನದು ಸೋಮಪ್ಪ ನೋಡಿ ಮಾಡ್ತಾನ. ಈ ವರ್ಷದ್ದು ತಗೋವಾ, ಇದರಾಗ ಅಳೀತೇನಿ," ಎಂದು ಚೀಲದ ಕಡೆ ಬಗ್ಗಿದಳು.

ಹೊಳೆವ್ವ ಕೊಳಗದ ಅಂಚಿಗೆ ಕೈ ಹಾಕಿ ಹಿಡಿದಳು.

"ನೀವು ಬ್ಯಾಡ್ರಿ ಎವ್ವಾ. ಸಣ್ಣಕ್ಕಾರು ಅಳೀಲಿ."

ಗುರುಬಸವ್ವನ ಕೈ ಸಡಿಲಾಯಿತು. ಹೊಳೆವ್ವ ಕೊಳಗವನ್ನು ಕಟ್ಟೆಯ ಮೇಲಿಟ್ಟು ಕಾದಳು. ಪರಸಪ್ಪ ಹೆಂಡತಿಯ ಟ್ರಂಕನ್ನು ಎತ್ತಿ ಒಳಗೆ ಇಡಲು ಹೋದ. "ಅದು ಅಲ್ಲೇ ಇರಲಿ," ಎಂದಳು ಸುಶೀಲವ್ವ ಅವನ ಮುಖ ನೋಡದೆ. ಟ್ರಂಕು ಹೊಸ್ತಿಲ ಪಕ್ಕದಲ್ಲೇ ಉಳಿಯಿತು. ಅವಳು ಅಂಗಳಕ್ಕಿಳಿದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಕೊಳಗ ತುಂಬಿದಳು, ಅಂಗೈಯಿಂದ ಅಂಚು ಸವರಿ, ಕಡಿಮೆಯೆನಿಸಿ ಇನ್ನೊಂದು ಹಿಡಿ ಹಾಕಿದಳು. ಹೊಳೆವ್ವನ ಬುಟ್ಟಿಗೆ ಸುರಿದಳು.

"ಒಂದು," ಎಂದಳು.

ಕಾಶೆವ್ವ ಬಾಯಿ ತೆರೆದು ಅತ್ತೆಯ ಕಡೆ ನೋಡಿದಳು. ಗುರುಬಸವ್ವ ನೆಲ ನೋಡುತ್ತ ಕೂತಿದ್ದಳು. ಯಾರೂ ತಿದ್ದಲಿಲ್ಲ. ಸುಶೀಲವ್ವ ಎರಡನೆಯದಕ್ಕೆ ಬಗ್ಗಿದಳು.